ಅಜ್ಜಿ ಮನೆ ಸಾಮಾನನ್ನು ನೇರವಾಗಿ ಮ್ಯೂಸಿಯಂಗೆ ಕೊಡುವುದು ಹೇಗೆ?

ಹಳೇಮನೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನಿರುವುದು ಮೈಸೂರು, ಅಮ್ಮನ ತವರು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಅಲ್ಲಿ ತಾತನ ತೊಟ್ಟಿಮನೆ ಇದೆ. ಮಾವಂದಿರ ನಡುವೆ ಭಾಗ ಆಯಿತು, ಯುಗಾದಿ ಕಳೆದ ಮೇಲೆ ಮನೆ ಕೆಡವುತ್ತಾರೆ. ಹೋದ ಭಾನುವಾರ ಅಟ್ಟದ ಸಾಮಾನೆಲ್ಲ ಇಳಿಸಿದೆವು. ಮೈಸೂರು ಶೈಲಿಯ ಶ್ರೀರಾಮ ಪಟ್ಟಾಭಿಷೇಕದ ಚಿತ್ರ ಒಂದು, ಅದರ ಗಾಜು ಸೀಳಿದೆ. ತಾಳೆಗರಿ ಕಟ್ಟು ಒಂದು, ಓದಲು ಯಾರಿಗೂ ಬರುವುದಿಲ್ಲ. ಬೀಟೆ ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಬಿಳಿ ಆನೆಗಳನ್ನು ಕೂರಿಸಿದ್ದಾರೆ. ಹಿತ್ತಾಳೆ ಕೊಳಗ, ಸೇರು, ಪಾವು. ಅಜ್ಜಿಯ ಅಳಗುಳಿಮಣೆ. ತಾತ ಆಲೆಮನೆ ನಡೆಸುತ್ತಿದ್ದರು, ಆಗಿನ ಬೆಲ್ಲದ ಅಚ್ಚಿನ ಮಣೆ ನಾಲ್ಕು, ಲೆಕ್ಕದ ಪುಸ್ತಕ ಎರಡು.

ಹಳೇ ಸಾಮಾನಿನ ವ್ಯಾಪಾರಿ ಒಬ್ಬ ಮನೆಗೇ ಬಂದು ಎಲ್ಲ ಸೇರಿಸಿ 40 ಸಾವಿರ ಕೊಡುತ್ತೇನೆ ಅಂದ. ಮ್ಯೂಸಿಯಂಗೇ ಹೋಗಬೇಕು ಅಂದರೆ ನಾನೇ ತಲುಪಿಸುತ್ತೇನೆ, ನೀವ್ಯಾಕೆ ಓಡಾಡುತ್ತೀರಿ ಅಂತಲೂ ಅಂದ. ದೊಡ್ಡ ಮಾವನಿಗೆ ಅದೇ ಸರಿ ಅನಿಸಿದೆ. ಅಮ್ಮ ಒಪ್ಪುತ್ತಿಲ್ಲ. ನಾವೇ ಕೊಡಬೇಕು, ಪಕ್ಕದಲ್ಲಿ ತಾತನ ಹೆಸರಿನ ಬೋರ್ಡು ಇರಬೇಕು ಅನ್ನುವುದು ಅವರ ಆಸೆ. ಯಾರನ್ನು ಕೇಳಬೇಕು? ಸುಮ್ನೆ ಆಟೋದಲ್ಲಿ ಹಾಕಿಕೊಂಡು ಹೋಗಿ ಗೇಟಿನಲ್ಲಿ ಇಳಿಸಿದರೆ ತಗೊಳ್ಳುತ್ತಾರಾ?

ಅಚ್ಚುಬೆಲ್ಲ

ತಗೊಳ್ಳುತ್ತಾರೆ. ವಾಚ್‌ಮನ್ ತಗೊಳ್ಳುತ್ತಾನೆ.

ತಮಾಷೆ ಬಿಡಿ. ನಾನು ಮಂಡ್ಯದವನು, ನೇರವಾಗಿ ಹೇಳುತ್ತೇನೆ. ಕೊಟ್ಟ ಮೇಲೆ ಅದು ಗೋಡೌನ್ ಸೇರಿ ಧೂಳು ಹಿಡಿಯುತ್ತದೆ. ನಿಮ್ಮ ಮಕ್ಕಳು ನೋಡಬೇಕು ಅಂದರೂ ಟಿಕೆಟ್ ತಗೊಂಡು ಹೋಗಿ ಅಲ್ಲಿ ಇಲ್ಲ ಅಂತ ವಾಪಸ್ ಬರಬೇಕು. ಮನೆಯಲ್ಲೇ ಒಂದು ಶೋಕೇಸ್ ಮಾಡಿಸಿ ಇಟ್ಟುಕೊಳ್ಳಿ ಅಕ್ಕ.

ಒಂಟಿಕೊಪ್ಪಲು

ಅಚ್ಚುಬೆಲ್ಲ ಅವರ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ತೊಗಲುಗೊಂಬೆ ಇತ್ತು. ನಾವೇನು ಗೊಂಬೆ ಆಡಿಸುವವರಲ್ಲ. ಯಾವ ಕಾಲದಲ್ಲೋ ಗೊಂಬೆರಾಮರ ಮೇಳದವರು ನಮ್ಮ ಮುತ್ತಾತನ ಹತ್ತಿರ ಸಾಲಕ್ಕೆ ಅಡ ಇಟ್ಟು ಹೋದವರು ಬಿಡಿಸಿಕೊಳ್ಳಲು ಬರಲೇ ಇಲ್ಲವಂತೆ. ದೊಡ್ಡಪ್ಪ ಸುಮಾರು 25 ವರ್ಷದ ಹಿಂದೆ ಅದನ್ನು ಒಂದು ಸಂಸ್ಥೆಗೆ ಕೊಟ್ಟರು. ಶಾಲು ಹೊದಿಸಿದರು, ಫೋಟೋ ತೆಗೆದರು, ಕಾಫಿ ಕೊಟ್ಟರು. ರಸೀದಿ ಕೊಡಲಿಲ್ಲ, ಇವರೂ ಕೇಳಲಿಲ್ಲ. ಹತ್ತು ವರ್ಷದ ಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ತೋರಿಸಲು ಹೋದರೆ ಅಲ್ಲಿ ಇದ್ದವರೆಲ್ಲ ಹೊಸಬರು. ಯಾವ ಗೊಂಬೆ ಸಾರ್, ಯಾವಾಗ ಕೊಟ್ಟಿದ್ದು ಅಂತ ಇವರನ್ನೇ ಕೇಳಿದರಂತೆ. ರಿಜಿಸ್ಟರಿನಲ್ಲಿ ಒಂದು ಸಾಲೂ ಇಲ್ಲ. ದೊಡ್ಡಪ್ಪ ಆಮೇಲೆ ಆ ಶಾಲನ್ನು ಹೊದ್ದುಕೊಳ್ಳಲೇ ಇಲ್ಲ.

ಏರಿ ಮೇಲೆ ವಾಕಿಂಗ್

ಮ್ಯೂಸಿಯಂ ಒಂದರ ಉಗ್ರಾಣದಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಈಗ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ, ಸಂಜೆ ನಿಮ್ಮಂಥವರ ಜೊತೆ ಹರಟೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಒಂದು ಮಾತು ಮಗಳೇ. ಸಾಮಾನು ತಗೊಂಡು ಹೋಗಬೇಡ, ಕಾಗದ ತಗೊಂಡು ಹೋಗು. ಪ್ರತಿಯೊಂದು ವಸ್ತುವಿನ ನಾಲ್ಕು ಫೋಟೋ, ಉದ್ದ ಅಗಲ, ಎಲ್ಲಿ ಒಡೆದಿದೆ ಎಲ್ಲಿ ಹುಳ ತಿಂದಿದೆ, ಮನೆಗೆ ಹೇಗೆ ಬಂತು, ಯಾರು ಬಳಸುತ್ತಿದ್ದರು. ಇಷ್ಟನ್ನು ಬರೆದು ಕ್ಯೂರೇಟರ್ ಅಥವಾ ನಿರ್ದೇಶಕರ ಹೆಸರಿಗೆ ಪತ್ರ ಕೊಟ್ಟು, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಬಾ. ಅವರು ಬಂದು ನೋಡುತ್ತಾರೆ, ಇಲ್ಲವೇ ತರಲು ಹೇಳುತ್ತಾರೆ. ಆಮೇಲೆ ಸಮಿತಿ ಕೂತು ಬೇಕು, ಬೇಡ ಅನ್ನುತ್ತದೆ. ತಡ ಆಗುತ್ತದೆ. ಯುಗಾದಿಗೆ ಮುಗಿಯುತ್ತದೆ ಅಂತ ಲೆಕ್ಕ ಹಾಕಬೇಡ, ಸಾಮಾನನ್ನು ಈಗಲೇ ಮೈಸೂರಿಗೆ ತಂದು ಒಣ ಜಾಗದಲ್ಲಿಡು.

ಎಲ್ಲವನ್ನೂ ಒಂದೇ ಕಡೆ ಕೊಡಬೇಕು ಅಂತಲೂ ಇಲ್ಲ. ತಾಳೆಗರಿಗೆ ನಮ್ಮೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ, 1891ರಿಂದ ಇರುವ ಸಂಸ್ಥೆ, ಓದುವವರು ಸಿಗುತ್ತಾರೆ. ಕೊಳಗ, ಅಳಗುಳಿಮಣೆ, ಅಚ್ಚಿನ ಮಣೆಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿರುವ ಜಾನಪದ ವಸ್ತು ಸಂಗ್ರಹಾಲಯ. ಜಯಲಕ್ಷ್ಮಿ ವಿಲಾಸ ಕಟ್ಟಡದಲ್ಲಿರುವ ಆ ಸಂಗ್ರಹ ಆಕಾಶದಿಂದ ಬಿದ್ದಿದ್ದಲ್ಲ. 1968ರ ಸುಮಾರಿನಲ್ಲಿ ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅವರಂಥವರು ಹಳ್ಳಿ ಹಳ್ಳಿ ತಿರುಗಿ ತಂದು ಕೂಡಿಸಿದ್ದು. ಕಟ್ಟಡ ಹಳೆಯದು, ದುರಸ್ತಿ ಕೆಲಸ ಇದ್ದೇ ಇರುತ್ತದೆ, ಫೋನ್ ಮಾಡಿಕೊಂಡು ಹೋಗುವುದು ಒಳ್ಳೆಯದು. ವೆಲ್ಲಿಂಗ್ಟನ್ ಹೌಸಿನಲ್ಲಿ ಭೋಪಾಲದ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ ಇದೆ. ರಾಮನಗರದ ಜಾನಪದ ಲೋಕವನ್ನೂ ಮರೆಯಬೇಡ, ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ನಿಮ್ಮ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕು.

ಒಪ್ಪಿಕೊಂಡರು ಅಂದ ಮೇಲೆ ಮೂರು ಕಾಗದ. ವಸ್ತು ಕೈಗೆ ಕೊಡುವ ದಿನ ತಾತ್ಕಾಲಿಕ ರಸೀದಿ. ಸಮಿತಿ ಒಪ್ಪಿದ ಮೇಲೆ ದಾನಪತ್ರ, ಎರಡೂ ಕಡೆಯವರ ಸಹಿ. ಕೊನೆಗೆ ಅಕ್ಸೆಷನ್ ನಂಬರ್. ಈ ನಂಬರನ್ನು ವಸ್ತುವಿನ ಮೇಲೆ ಕಾಣದ ಹಾಗೆ ಒಂದು ಮೂಲೆಯಲ್ಲಿ ಬರೆಯುತ್ತಾರೆ, ದಪ್ಪ ರಿಜಿಸ್ಟರಿನಲ್ಲಿ ಅದೇ ನಂಬರಿನ ಮುಂದೆ ಕೊಟ್ಟವರ ಹೆಸರು ಬರುತ್ತದೆ. ಆ ನಂಬರ್ ಬರುವ ತನಕ ನಿಮ್ಮ ಕೊಳಗ ಮ್ಯೂಸಿಯಂ ಒಳಗೆ ಇದ್ದರೂ ಮ್ಯೂಸಿಯಂನದ್ದಲ್ಲ. ಒಂಟಿಕೊಪ್ಪಲು ಅವರ ದೊಡ್ಡಪ್ಪನಿಗೆ ತಪ್ಪಿದ್ದು ಇದೇ.

ಹಳೇಮನೆ ಮೊಮ್ಮಗಳು

ತುಂಬಾ ಥ್ಯಾಂಕ್ಸ್ ಸಾರ್. ಬೋರ್ಡಿನ ವಿಷಯ? ಚಿತ್ರವನ್ನು ಯಾವಾಗಲೂ ಗೋಡೆ ಮೇಲೆ ಇಟ್ಟಿರಬೇಕು ಅಂತ ಬರೆಸಿಕೊಳ್ಳಬಹುದಾ ಅಂತ ಅಮ್ಮ ಕೇಳುತ್ತಿದ್ದಾರೆ.

ಇನ್ನೊಂದು. ಅಮ್ಮ ನಿನ್ನೆ ಕೊಳಗಕ್ಕೆ ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿ ತೊಳೆದಿದ್ದಾರೆ. ಥಳಥಳ ಅಂತಿದೆ.

ಏರಿ ಮೇಲೆ ವಾಕಿಂಗ್

ಅಯ್ಯೋ.

ಚಿನ್ನದ ರೇಕು

ಅಯ್ಯೋ ಅಯ್ಯೋ. ಉಳಿದಿದ್ದನ್ನು ಮುಟ್ಟಬೇಡಿ ಅಂತ ಅಮ್ಮನಿಗೆ ಹೇಳಿ ಪ್ಲೀಸ್. ಹಿತ್ತಾಳೆ ಮೇಲಿನ ಆ ಕಪ್ಪುಕಂದು ಬಣ್ಣ ಕೊಳೆಯಲ್ಲ, ಅದು ವಯಸ್ಸು. ಹುಳಿ ಹಾಕಿ ತಿಕ್ಕಿದರೆ ಅದರ ಜೊತೆ ಲೋಹವೂ ಸ್ವಲ್ಪ ಹೋಗುತ್ತದೆ, ಅಂಚಿನಲ್ಲಿ ಕೊರೆದ ಅಕ್ಷರ, ಮುದ್ರೆ ಇದ್ದರೆ ಅದೂ ಸವೆಯುತ್ತದೆ.

ನಾನು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ, ಅದಕ್ಕೆ ನಿಮ್ಮ ಪಟ್ಟಾಭಿಷೇಕದ ಚಿತ್ರದ ಬಗ್ಗೆ ಹೆದರಿಕೆ. ಒದ್ದೆ ಬಟ್ಟೆ ತಾಕಿಸಲೇಬೇಡಿ. ಆಭರಣ, ಮಂಟಪ ಎಲ್ಲ ಸ್ವಲ್ಪ ಉಬ್ಬಿರುತ್ತದಲ್ಲ, ಅದು ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ ಎಳೆದ ಗೆರೆ. ತಂಜಾವೂರಿನ ಚಿತ್ರದಲ್ಲಿ ದಪ್ಪಗೆ ಉಬ್ಬಿರುತ್ತದೆ, ನಮ್ಮದರಲ್ಲಿ ತೆಳ್ಳಗೆ. ಅದರ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ನೀರು ತಾಕಿದರೆ ಅಂಟು ಕರಗಿ ರೇಕು ಬಟ್ಟೆಗೇ ಬರುತ್ತದೆ. ಗಾಜು ಸೀಳಿದೆ ಅಂದಿರಿ. ಹೊರಗಿನಿಂದ ಗಾಜಿನ ಮೇಲೆ ಟೇಪ್ ಹಚ್ಚಿ, ಮುಖ ಮೇಲೆ ಮಾಡಿ ಮಲಗಿಸಿಡಿ. ಗಾಜನ್ನು ನೀವೇ ಬಿಚ್ಚಬೇಡಿ, ಬಣ್ಣ ಗಾಜಿಗೆ ಅಂಟಿರಬಹುದು. ನಮ್ಮ ಪರಿಚಯದ ಮನೆಯೊಂದರಲ್ಲಿ ಫ್ರೇಮ್ ಅಂಗಡಿಯವನು ಗಾಜು ಎತ್ತಿದಾಗ ಸೀತೆಯ ಅರ್ಧ ಮುಖ ಗಾಜಿನ ಜೊತೆ ಎದ್ದು ಬಂತು.

ಯಾವಾಗಲೂ ಗೋಡೆ ಮೇಲೆ ಅನ್ನುವ ಷರತ್ತು ಚಿತ್ರಕ್ಕೇ ಒಳ್ಳೆಯದಲ್ಲ. ಬೆಳಕಿಗೆ ಬಣ್ಣ ಹೋಗುತ್ತದೆ, ಕಾಗದ ಹಳದಿಯಾಗುತ್ತದೆ. ಸ್ವಲ್ಪ ಕಾಲ ತೋರಿಸಿ ಆಮೇಲೆ ಕತ್ತಲಲ್ಲಿ ಮಲಗಿಸುವುದು ವಾಡಿಕೆ. ಅಚ್ಚುಬೆಲ್ಲ ಅವರ ಗೋಡೌನ್ ಅಂದರೆ ಇದೇ ಸ್ವಾಮಿ, ಚೆನ್ನಾಗಿ ನೋಡಿಕೊಂಡರೆ ಅದು ಶಿಕ್ಷೆ ಅಲ್ಲ.

ಅಚ್ಚುಬೆಲ್ಲ

ಚೆನ್ನಾಗಿ ನೋಡಿಕೊಂಡರೆ.

ಏರಿ ಮೇಲೆ ವಾಕಿಂಗ್

ಒಪ್ಪಿದೆ. ನಾನೇ ಸೋರುವ ಚಾವಣಿ ಕೆಳಗೆ ಬಕೆಟ್ ಇಟ್ಟು ಕಾದಿದ್ದೇನೆ. ಅದಕ್ಕೇ ಕೊಡುವ ಮೊದಲು ಹೋಗಿ ನೋಡಿ, ಕೇಳಿ. ಉಗ್ರಾಣ ಎಲ್ಲಿದೆ, ಹುಳಕ್ಕೆ ಏನು ಮಾಡುತ್ತೀರಿ, ನಾವು ಬಂದು ನೋಡಬೇಕು ಅಂದರೆ ತೋರಿಸುತ್ತೀರಾ, ಇಷ್ಟು ಕೇಳಿದರೆ ಒಳ್ಳೆ ಕ್ಯೂರೇಟರ್‌ಗೆ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ. ಮರದ ಸಾಮಾನಿನ ಅಡಿ ಬಿಳಿ ಹಾಳೆ ಹಾಸಿ ಒಂದು ವಾರ ಬಿಡು. ಹಿಟ್ಟಿನ ಹಾಗೆ ಪುಡಿ ಉದುರಿದ್ದರೆ ಒಳಗೆ ಹುಳ ಇದೆ, ಅದನ್ನು ಮೊದಲೇ ಹೇಳಿಬಿಡು. ಹುಳ ಇರುವ ಒಂದು ಮಣೆ ಸಾಕು, ಇಡೀ ಉಗ್ರಾಣಕ್ಕೆ ಹಬ್ಬಲು.

ಕರಿಕೋಟು

ವಕೀಲನ ಎರಡು ಮಾತು, ಫೀಸ್ ಇಲ್ಲ.

ಭಾಗ ಆಯಿತು ಅಂದಿರಿ. ಸಾಮಾನು ಯಾರ ಪಾಲಿಗೆ ಬಂತು ಅಂತ ಬರೆದಿದ್ದೀರಾ? ಬರೆದಿಲ್ಲದಿದ್ದರೆ ಎಲ್ಲ ಪಾಲುದಾರರ ಒಪ್ಪಿಗೆ ಒಂದು ಹಾಳೆಯಲ್ಲಿ ತಗೊಳ್ಳಿ, ಅಮ್ಮನದೂ ಚಿಕ್ಕಮ್ಮಂದಿರದೂ ಸೇರಿಸಿ. ಮಾವಂದಿರು ಸಹಿ ಮಾಡಿದರೆ ಸಾಕು ಅನ್ನುವ ಕಾಲ ಹೋಯಿತು. ಇವತ್ತು ಬೇಡ ಅಂದ ದೊಡ್ಡ ಮಾವನ ಮಗ ಹತ್ತು ವರ್ಷದ ಮೇಲೆ ನಮ್ಮ ತಾತನ ಚಿತ್ರ ವಾಪಸ್ ಕೊಡಿ ಅಂತ ಮ್ಯೂಸಿಯಂ ಮುಂದೆ ನಿಲ್ಲುತ್ತಾನೆ. ಎರವಲು ಬೇರೆ, ದಾನ ಬೇರೆ. ದಾನ ಅಂದರೆ ಹೋಯಿತು.

1972ರ ಪುರಾತನ ವಸ್ತುಗಳ ಕಾಯ್ದೆ ಇದೆ. 100 ವರ್ಷ ದಾಟಿದ ವಸ್ತು ಅದರೊಳಗೆ ಬರುತ್ತದೆ, ಹಸ್ತಪ್ರತಿಗಾದರೆ 75 ವರ್ಷ. ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ ಇಂಥವನ್ನು ನೋಂದಣಿ ಮಾಡಿಸಬೇಕು, ನೋಂದಣಿ ಆದದ್ದು ಕೈ ಬದಲಾದರೆ ಅಧಿಕಾರಿಗೆ ತಿಳಿಸಬೇಕು. ನಿಮ್ಮ ಕೊಳಗಕ್ಕೆ ಈ ತಲೆನೋವು ಇಲ್ಲ, ಚಿತ್ರಕ್ಕೆ ಇರಬಹುದು. ಆ ವ್ಯಾಪಾರಿ ಹತ್ತಿರ ಲೈಸೆನ್ಸ್ ಇದೆಯಾ ಕೇಳಿ ನೋಡಿ. ಪುರಾತನ ವಸ್ತುವಿನ ವ್ಯಾಪಾರಕ್ಕೆ ಅದೇ ಕಾಯ್ದೆಯಲ್ಲಿ ಲೈಸೆನ್ಸ್ ಬೇಕು. ಕೇಳಿದ ಮೇಲೆ ಅವನು ಫೋನ್ ಎತ್ತುವುದಿಲ್ಲ ಅಂತ ನನ್ನ ಊಹೆ.

ಪೆಟ್ಟಿಗೆಯ ಬಿಳಿ ಆನೆ ನಿಜವಾದ ದಂತವಾದರೆ ಅದು ವನ್ಯಜೀವಿ ಕಾಯ್ದೆಯ ವಿಷಯ. ಮಾರುವ ಹಾಗಿಲ್ಲ. ದಾನ ಮಾಡುವ ಮುಂಚೆಯೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಗಾಬರಿ ಬೇಡ, ದಂತ ನಿಂತ ಮೇಲೆ ಮೈಸೂರಿನ ಕೆತ್ತನೆಯವರು ಪ್ಲಾಸ್ಟಿಕ್, ಬೇರೆ ಬಣ್ಣದ ಮರ ಎಲ್ಲ ಕೂರಿಸಿದ್ದಾರೆ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡುವ ಸಾಹಸ ಬೇಡ.

ಪಾಯ ತೋಡುವಾಗ ನೆಲದಿಂದ ಏನಾದರೂ ಎದ್ದರೆ ಅದನ್ನು ದಾನ ಮಾಡಲು ನಿಮಗೆ ಹಕ್ಕೇ ಇಲ್ಲ, ಅದು ನಿಧಿ ಕಾಯ್ದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು ತೆರಿಗೆ ಉಳಿಯುತ್ತದಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಹಣಕ್ಕೆ ಮಾತ್ರ, ವಸ್ತು ಕೊಟ್ಟರೆ ಸಿಗುವುದಿಲ್ಲ.

ಒಂಟಿಕೊಪ್ಪಲು

ಹಾಗಾದರೆ ಅಡ ಇಟ್ಟ ಗೊಂಬೆಗಳನ್ನು ಕೊಡಲು ನಮ್ಮ ದೊಡ್ಡಪ್ಪನಿಗೆ ಹಕ್ಕು ಇತ್ತಾ? ಇದನ್ನು ನಾವು ಯಾವತ್ತೂ ಯೋಚಿಸಿಯೇ ಇಲ್ಲ.

ಏರಿ ಮೇಲೆ ವಾಕಿಂಗ್

ಒಳ್ಳೆ ಪ್ರಶ್ನೆ, ಇದನ್ನು ಕೊಡುವವರು ಕೇಳಿಕೊಳ್ಳುವುದೇ ಕಡಿಮೆ. ಅದಕ್ಕೇ ಮನೆಗೆ ಹೇಗೆ ಬಂತು ಅಂತ ಬರೆಯಿರಿ ಅಂದಿದ್ದು. ಅಡ ಇಟ್ಟದ್ದು ಅಂತಲೇ ಬರೆಯಬೇಕಿತ್ತು. ಆ ಮೇಳದವರ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇರುತ್ತಾರೆ. ಅವರ ಮನೆತನದ ರಾಮ, ರಾವಣ ಯಾವ ಕಪಾಟಿನಲ್ಲಿದೆ ಅಂತ ಅವರಿಗೂ ಗೊತ್ತಾಗಬೇಕಲ್ವಾ.

ಬೋರ್ಡಿನ ಮಾತು ಬಾಕಿ ಉಳಿಯಿತು. ಮಗಳೇ, ನಿಮ್ಮ ಅಮ್ಮನಿಗೆ ಈ ಕಥೆ ಹೇಳು. 1905ರ ಸುಮಾರಿಗೆ ನಮ್ಮೂರಿನ ಓರಿಯಂಟಲ್ ಲೈಬ್ರರಿಗೆ, ಅಂದರೆ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ತಮಿಳು ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಲಿಪಿ. ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಕೂತು ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಕೇಳಿದ್ದರು, ಪುಸ್ತಕ ಕಳೆದೇ ಹೋಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಬಂತು. ಶಾಸ್ತ್ರಿಗಳ ಹೆಸರು ಲೋಕಕ್ಕೆಲ್ಲ ಗೊತ್ತು. ಕಟ್ಟು ತಂದುಕೊಟ್ಟವರು ಮಾತ್ರ ಇವತ್ತಿಗೂ ತಂಜಾವೂರಿನ ಒಬ್ಬ ಪಂಡಿತರು, ಅಷ್ಟೆ.

ಬೋರ್ಡು ಬದಲಾಗುತ್ತದೆ, ಪ್ರತಿ ಸಲ ಗೋಡೆಗೆ ಸುಣ್ಣ ಹೊಡೆದಾಗ ಒಂದೆರಡು ಕಳೆದೇ ಹೋಗುತ್ತದೆ. ರಿಜಿಸ್ಟರಿನ ಸಾಲು ಹಾಗಲ್ಲ. ಅಮ್ಮ ಜಗಳ ಆಡುವುದಾದರೆ ಆ ಸಾಲಿಗೆ ಆಡಲಿ.

ಅಚ್ಚುಬೆಲ್ಲ

ಇಷ್ಟು ಹೊತ್ತು ತಮಾಷೆ ಮಾಡಿದೆ, ಈಗ ಒಂದು ಕೇಳುತ್ತೇನೆ. ಆ ಅಚ್ಚಿನ ಮಣೆಯ ಫೋಟೋ ಹಾಕುತ್ತೀರಾ? ನಮ್ಮಪ್ಪನೂ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದವರು. ಕೊಪ್ಪರಿಗೆ ಕುದಿಯುವಾಗ ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಇಳಿಸಿ ಅನ್ನುತ್ತಿದ್ದರು, ಅರ್ಧ ನಿಮಿಷ ಆಚೆ ಈಚೆ ಆದರೆ ಬೆಲ್ಲ ಕೆಟ್ಟಿತು. ನಾಲೆ ನೀರು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯಿತು, ಎಲ್ಲರೂ ಕಾರ್ಖಾನೆ ಕಥೆ ಹೇಳುತ್ತಾರೆ. ಆಲೆಮನೆಯ ಲೆಕ್ಕದ ಪುಸ್ತಕ ಇಟ್ಟುಕೊಂಡವರನ್ನು ನಾನು ನೋಡಿಯೇ ಇಲ್ಲ. ಕೂಲಿ ಎಷ್ಟು, ಗಾಣದ ಎತ್ತಿಗೆ ಎಷ್ಟು, ಯಾವ ಸಂತೆಗೆ ಎಷ್ಟು ಅಚ್ಚು ಹೋಯಿತು, ಎಲ್ಲ ಅದರಲ್ಲಿ ಇರುತ್ತದೆ. ಚಿತ್ರ ಹೋದರೆ ಹೋಗಲಿ, ಆ ಎರಡು ಪುಸ್ತಕ ರದ್ದಿಗೆ ಹಾಕಬೇಡಿ ಅಕ್ಕ. ಲ್ಯಾಮಿನೇಷನ್ ಮಾಡಿಸಲೂ ಬೇಡಿ, ನಮ್ಮ ಮಾವ ಒಬ್ಬರು ಹಳೇ ಪಾಣಿಗೆ ಮಾಡಿಸಿ ಹಾಳು ಮಾಡಿದರು.

ಊರಲ್ಲಿ ತಾತನ ಆಲೆಮನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಬದುಕಿದ್ದರೆ ಮಣೆಯನ್ನು ಅವರ ಕೈಗೆ ಕೊಟ್ಟು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಮನೆ ಬೀಳುವ ಮುಂಚೆ ಮಾಡಿ.

ಏರಿ ಮೇಲೆ ವಾಕಿಂಗ್

ಅಚ್ಚುಬೆಲ್ಲ, ನೀವು ಮ್ಯೂಸಿಯಂನಲ್ಲಿ ಇರಬೇಕಿತ್ತು.

ಅಚ್ಚುಬೆಲ್ಲ

ಯಾವ ಕಪಾಟಿನಲ್ಲಿ?

ಹಳೇಮನೆ ಮೊಮ್ಮಗಳು

(ಐದು ತಿಂಗಳ ನಂತರ)

ಕ್ಷಮಿಸಿ, ತಡವಾಯಿತು. ಮನೆ ಬಿತ್ತು, ಅದರ ವಿಷಯ ಬರೆಯುವುದಿಲ್ಲ. ಸಾಮಾನಿನ ವಿಷಯ ಹೇಳುತ್ತೇನೆ.

ವ್ಯಾಪಾರಿಯನ್ನು ಲೈಸೆನ್ಸ್ ಕೇಳಿದೆವು. ಕರಿಕೋಟು ಸಾರ್ ಹೇಳಿದ ಹಾಗೇ ಆಯಿತು. ದೊಡ್ಡ ಮಾವ ಅದಾದ ಮೇಲೆ ಸಹಿ ಮಾಡಿದರು, ಚಿಕ್ಕಮ್ಮ ಶಿವಮೊಗ್ಗದಿಂದ ಬಂದು ಮಾಡಿದರು.

ಮ್ಯೂಸಿಯಂನವರು ಚಿತ್ರ ತಗೊಳ್ಳಲಿಲ್ಲ. ಪಟ್ಟಾಭಿಷೇಕ ನಮ್ಮಲ್ಲಿ ಆಗಲೇ ಮೂರಿದೆ, ಇದನ್ನು ರಿಪೇರಿ ಮಾಡಿಸುವ ದುಡ್ಡು ಸದ್ಯಕ್ಕಿಲ್ಲ ಅಂದರು. ನೇರವಾಗಿ ಹೇಳಿದ್ದು ನನಗೆ ಹಿಡಿಸಿತು, ಅಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. ಈಗ ಚಿನ್ನದ ರೇಕು ಅವರ ಮನೆಯಲ್ಲಿ ಮಲಗಿದೆ, ಗಾಜು ನಿಧಾನವಾಗಿ ಬಿಡಿಸುತ್ತಿದ್ದಾರೆ. ಆಮೇಲೆ ಚಿಕ್ಕ ಮಾವನ ಮನೆಗೆ. ನೋಂದಣಿ ಬಗ್ಗೆಯೂ ವಿಚಾರಿಸಿ ಅರ್ಜಿ ಕೊಟ್ಟಿದ್ದೇವೆ. ಪೆಟ್ಟಿಗೆಯ ಆನೆಗಳು ಪ್ಲಾಸ್ಟಿಕ್. ತಾತನ ತಾತನಿಗೆ ಅರಮನೆಯಿಂದ ಬಂದದ್ದು ಅಂತ ನಾವು ಮೂರು ತಲೆಮಾರು ಹೇಳಿಕೊಂಡು ಬಂದಿದ್ದೆವು!

ತಾಳೆಗರಿಯನ್ನು ಓದಿದರು. ಪುರಾಣ ಅಲ್ಲ, ಶಾಸ್ತ್ರ ಅಲ್ಲ. ಅರ್ಧ ಭತ್ತದ ಲೆಕ್ಕ, ಅರ್ಧ ದನದ ಔಷಧಿ. ಕಾಲುಬಾಯಿ ಜ್ವರಕ್ಕೆ ಏನು ಹಚ್ಚಬೇಕು ಅಂತ ಎರಡು ಗರಿ ತುಂಬಾ ಇದೆಯಂತೆ. ಅದನ್ನು ಸಂತೋಷವಾಗಿ ಇಟ್ಟುಕೊಂಡರು. ಕೊಳಗ ನೋಡಿ, ಯಾರು ತೊಳೆದದ್ದು ಅಂತ ಕೇಳಿದರು, ಅಮ್ಮ ಕಿಟಕಿ ಕಡೆ ನೋಡಿದರು. ತೊಳೆಯದೆ ಉಳಿದಿದ್ದ ಸೇರು, ಪಾವು ಎರಡನ್ನೂ ಮಾತ್ರ ತಗೊಂಡರು.

ಅವರು ನಿಜವಾಗಿ ಮುಗಿಬಿದ್ದದ್ದು ಅಚ್ಚಿನ ಮಣೆ ಮತ್ತು ಲೆಕ್ಕದ ಪುಸ್ತಕಕ್ಕೆ. ಅಚ್ಚುಬೆಲ್ಲ ಅಣ್ಣ, ನೀವು ಹೇಳಿದ ಹಾಗೆ ಊರಲ್ಲಿ ಒಬ್ಬರು ತಾತ ಸಿಕ್ಕರು. ಮಣೆ ಕೈಗೆ ಕೊಟ್ಟ ತಕ್ಷಣ ತಿರುಗಿಸಿ ಕೆಳಗಿನ ಮೂಲೆ ತೋರಿಸಿದರು. ಅಲ್ಲಿ ಒಂದು ಸಣ್ಣ ಗೀರು ಇತ್ತು, ನಾವು ಬಿರುಕು ಅಂದುಕೊಂಡಿದ್ದೆವು. ಅದು ಅವರದೇ ಗುರುತಂತೆ. ಬೇರೆ ಆಲೆಮನೆಯವರು ಎರವಲು ತಗೊಂಡು ಹೋಗಿ ವಾಪಸ್ ಕೊಡದಿದ್ದರೆ ಗುರುತು ಹಿಡಿಯಲು ಮಚ್ಚಿನ ತುದಿಯಲ್ಲಿ ಹಾಕಿದ್ದಂತೆ. 40 ನಿಮಿಷ ಮಾತಾಡಿದರು. ಆ ರೆಕಾರ್ಡಿಂಗ್ ಕೂಡ ಮ್ಯೂಸಿಯಂ ತಗೊಂಡಿದೆ, ಅದಕ್ಕೂ ಅವರ ಒಪ್ಪಿಗೆ ಹೆಬ್ಬೆಟ್ಟು ಆಯಿತು.

ಅಳಗುಳಿಮಣೆ ಕೊಡಲಿಲ್ಲ. ಕೊಡುವ ದಿನ ಬೆಳಿಗ್ಗೆ ಅಮ್ಮ ಅದನ್ನು ಚೀಲದಿಂದ ತೆಗೆದಿಟ್ಟುಬಿಟ್ಟರು. ಈಗ ಹುಣಸೆ ಬೀಜ ಹಾಕಿಕೊಂಡು ನನ್ನ ಮಗಳ ಜೊತೆ ಆಡುತ್ತಾರೆ.

ಹೋದ ವಾರ ಅಕ್ಸೆಷನ್ ನಂಬರ್ ಬಂತು. ತಾತನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ. ಸೋಮವಾರ ಅಮ್ಮ ಆಧಾರ್, ದಾನಪತ್ರ ಎಲ್ಲ ಹಿಡಿದುಕೊಂಡು ಹೋಗುತ್ತಿದ್ದಾರೆ.

ಏರಿ ಮೇಲೆ ವಾಕಿಂಗ್

ತಿದ್ದಿದ ಜಾಗದಲ್ಲಿ ತಾರೀಖು, ಸಹಿ ಹಾಕಿಸಲು ಹೇಳು. ವೈಟ್ನರ್ ಹಚ್ಚಲು ಬಿಡಬೇಡ.

ಒಂಟಿಕೊಪ್ಪಲು

ಇದೆಲ್ಲ ಓದಿ ದೊಡ್ಡಪ್ಪನ ಮನೆಗೆ ಹೋಗಿ ಆ ಶಾಲಿನ ಫೋಟೋ ಹುಡುಕಿಸಿದೆ. ಅವರ ಹಿಂದೆ ಮೇಜಿನ ಮೇಲೆ ಪೆಟ್ಟಿಗೆ ತೆರೆದಿದೆ, ಹತ್ತು ತಲೆಯ ರಾವಣ ಸ್ಪಷ್ಟವಾಗಿ ಕಾಣುತ್ತಾನೆ, ಎಡಗಡೆ ಮೂರನೇ ತಲೆ ಹರಿದು ಹೊಲಿದಿದ್ದಾರೆ. ಫೋಟೋ ದೊಡ್ಡದು ಮಾಡಿಸಿದ್ದೇನೆ. ನಾಳೆ ಹನ್ನೊಂದು ಗಂಟೆಗೆ ಆ ಸಂಸ್ಥೆಗೆ ಹೋಗುತ್ತಿದ್ದೇನೆ, ದೊಡ್ಡಪ್ಪನೂ ಬರುತ್ತೇನೆ ಅಂದಿದ್ದಾರೆ.